ಎದೆಮಟ್ಟದ ನೀರು

ಮರಳು ದೋಣಿಯ ತಳಕ್ಕೆ ಉಜ್ಜಿಕೊಳ್ಳುತ್ತಿದೆ, ಕರಕರ ಎಂದು, ನಾನಿರುವ ಕನ್ನಡಕದ ಅಂಗಡಿಯಲ್ಲಿ ಗಾಜಿಗೆ ಸಾಣೆ ಹಿಡಿಯುವ ಯಂತ್ರದ ಸದ್ದೂ ಹೀಗೇ, ಆದರೆ ಅಲ್ಲಿ ನಾನು ಯಾರಿಗೂ ಹೆದರುವವಳಲ್ಲ, ಎಂಥವರ ಗದ್ದವನ್ನೂ ಹಿಡಿದು ಇಲ್ಲಿ ನೋಡಿ, ಈಗ ಕೆಳಗೆ ನೋಡಿ ಅನ್ನುತ್ತೇನೆ, ಮಕ್ಕಳ ಹಾಗೆ ಹೇಳಿದ್ದು ಕೇಳುತ್ತಾರೆ — ಇಲ್ಲಿ ನೋಡಿದರೆ ಕಯಾಕಿನೊಳಗೆ ಕಾಲು ಚಾಚಿ, ಹುಟ್ಟನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡು, ಅಲೆ ಬಂದು ಎತ್ತಲಿ ಎಂದು ಕಾಯುತ್ತ ಕುಳಿತಿದ್ದೇನೆ, ಇನ್ನೇನು ಅಕ್ಕ ಬರುತ್ತಾಳೆ, ಬಂದು ನನ್ನ ದೋಣಿಯ ಹೊದಿಕೆಯ ಪಟ್ಟಿ ನೋಡುತ್ತಾಳೆ. ನೋಡು ಅನ್ನಲೋ, ಮುಟ್ಟಬೇಡ ಅನ್ನಲೋ, ನಿನ್ನೆ ಸಂಜೆಯಿಂದ ಇದೊಂದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿದೆ. ಇಂದು ನಮ್ಮ ಕಯಾಕ್ ಕೂಟದ ಕೊನೆಯ ದಿನ, ವಾರವೆಲ್ಲ ದಂಡೆಯ ಉದ್ದಕ್ಕೂ ಆಡಿಕೊಂಡಿದ್ದವರು ಇಂದು ದೀಪಸ್ತಂಭದ ದ್ವೀಪಕ್ಕೆ ಹೋಗಿಬರಬೇಕು, ನಡುವೆ ಬರೀ ನೀರು, ಒಬ್ಬೊಬ್ಬರೇ ಹೋಗುವಂತಿಲ್ಲ, ಜೋಡಿ ಇರಲೇಬೇಕು, ಕ್ಯಾಪ್ಟನ್ನರ ಕಟ್ಟಪ್ಪಣೆ. ಕ್ಯಾಪ್ಟನ್ ಅಂದರೆ ಹಡಗಿನವರೇನಲ್ಲ, ಔಷಧದ ಅಂಗಡಿ ನಡೆಸುವ ಮನುಷ್ಯ, ಕೂಟದಲ್ಲಿ ಮಾತ್ರ ಕ್ಯಾಪ್ಟನ್, ಇಲ್ಲಿ ಅವರ ಮಾತಿಗೆ ಎರಡಿಲ್ಲ. ಸೊಂಟಕ್ಕೆ ಲಂಗದ ಹಾಗೆ ತೊಟ್ಟು ದೋಣಿಯ ಬಾಯಿಗೆ ಬಿಗಿಯುವ ಈ ರಬ್ಬರಿನ ಹೊದಿಕೆ ಇದೆಯಲ್ಲ, ನೀರು ಒಳಬರದ ಹಾಗೆ ತಡೆಯುವುದೂ ಇದೇ, ದೋಣಿ ಮಗುಚಿದರೆ ನಮ್ಮನ್ನು ಒಳಗೇ ಕಟ್ಟಿಹಾಕುವುದೂ ಇದೇ, ಅದರ ಮುಂದಿನ ಪಟ್ಟಿಯನ್ನು ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ, ಆ ಪಟ್ಟಿ ಹೊರಗೆ ಇರಬೇಕು, ಬಿಗಿಯುವಾಗ ಅಕಸ್ಮಾತ್ ಒಳಗೆ ಮಡಚಿಕೊಂಡಿತೋ ಮುಗಿಯಿತು. ಲೈಫ್ ಜಾಕೆಟ್ ಉಬ್ಬಿಕೊಂಡು ನಮ್ಮದು ನಮಗೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಜೋಡಿಯವರು ಬಗ್ಗಿ ನೋಡಿ, ಜಗ್ಗಿ, ಭುಜ ತಟ್ಟಿ ಹೊರಗಿದೆ ಅನ್ನಬೇಕು, ಅಂದಮೇಲೆ ನಂಬಿ ಹೊರಡಬೇಕು.

ನಂಬಿದ್ದೆನಲ್ಲ. ಹೋದ ವರ್ಷದ ಕೂಟದಲ್ಲಿ, ಇದೇ ದಂಡೆ, ಬೇಕೆಂದೇ ದೋಣಿ ಮಗುಚಿ ಹೊರಬರುವ ಅಭ್ಯಾಸ, ಎಲ್ಲರೂ ನಗುನಗುತ್ತ ಮಾಡುತ್ತಿದ್ದರು, ಅಕ್ಕ ನನ್ನ ಪಕ್ಕದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಭುಜ ತಟ್ಟಿ ಹೊರಗಿದೆ ಪುಟ್ಟಿ, ಮಗುಚು ಅಂದಳು, ಮಗುಚಿದೆ — ತಲೆ ಕೆಳಗೆ, ಮೂಗಿನ ತುಂಬ ನೀರು, ಕೈ ಪಟ್ಟಿಯನ್ನು ಹುಡುಕುತ್ತದೆ, ಪಟ್ಟಿ ಇಲ್ಲ, ಇರಬೇಕಾದಲ್ಲಿ ನುಣ್ಣನೆಯ ರಬ್ಬರು, ಉಗುರಿಗೂ ಸಿಗುವುದಿಲ್ಲ, ಕಿವಿಯೊಳಗೆ ನನ್ನದೇ ಎದೆ ಢವಢವ, ಕಣ್ಣು ಬಿಟ್ಟರೆ ಹಸಿರು ಮಬ್ಬಿನಲ್ಲಿ ತಲೆಕೆಳಗಾಗಿ ಎರಡು ಹಳದಿ ಬೂಟು, ಅಕ್ಕನ ರಬ್ಬರ್ ಬೂಟು, ಅಬ್ಬ ಇದ್ದಾಳೆ ಎಂದುಕೊಂಡೆ, ಬಂದಳು ಎಂದುಕೊಂಡೆ, ಆಮೇಲೆ ಯಾವಾಗಲೋ ದೋಣಿ ಎದ್ದು ನಿಂತಿತು, ಬೆಳಕು, ಕೆಮ್ಮು, ಅಕ್ಕನ ತೋಳು, ಅಮ್ಮಾ ಎಂದು ಕಿರುಚಿದೆನಂತೆ. ಮಡಚಿಕೊಂಡುಬಿಟ್ಟಿತ್ತು ಕಣೇ, ನನ್ನ ಕಣ್ಣಿಗೂ ಬೀಳಲಿಲ್ಲ ಅಂದಳು, ಅವಳ ಕಣ್ಣಲ್ಲೂ ನೀರಿತ್ತು, ಸಮುದ್ರದ್ದೋ ಅವಳದ್ದೋ. ಅಂದಿನಿಂದ ಊರೆಲ್ಲ ಸಾರಿಕೊಂಡು ಬಂದೆ, ಕನ್ನಡಕ ಕೊಳ್ಳಲು ಬಂದವರನ್ನೂ ಬಿಡಲಿಲ್ಲ, ಅಕ್ಕ ಇಲ್ಲದಿದ್ದರೆ ಇಂದು ನಾನಿಲ್ಲ ಅಂತ, ಅಮ್ಮ ಅದನ್ನು ಕೇಳಿ ಅಕ್ಕನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು, ಅಕ್ಕ ತಲೆ ತಗ್ಗಿಸಿ ಟೀ ಲೋಟ ನೋಡುತ್ತಿದ್ದಳು, ಬಿಡಮ್ಮ ಅದೇನು ದೊಡ್ಡದು ಅಂದಳು. ದೊಡ್ಡಸ್ತಿಕೆ ಇಲ್ಲದವಳು ಎಂದು ಅದಕ್ಕೂ ಮೆಚ್ಚಿಕೊಂಡೆ. ನೀರೆಂದರೆ ಹೆದರುತ್ತಿದ್ದರೂ ಈ ವರ್ಷ ಮತ್ತೆ ಬಂದದ್ದು ಅವಳಿದ್ದಾಳೆ ಎಂಬ ಒಂದೇ ಧೈರ್ಯದ ಮೇಲೆ.

ನಿನ್ನೆ ಸಂಜೆ ಬಚ್ಚಲಲ್ಲಿ ಉಪ್ಪು ತೊಳೆದುಕೊಳ್ಳುತ್ತಿದ್ದೆ, ಡೇರೆಗಳ ಹಿಂದಿನ ಸಾಲು ಬಚ್ಚಲು, ತಗಡಿನ ಬಾಗಿಲು, ಮೇಲೂ ಕೆಳಗೂ ಸಂದು, ಹೊರಗಡೆ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಅಕ್ಕನ ದನಿ, ಕೂಟಕ್ಕೆ ಬಂದಿರುವ ಬೇಕರಿಯವರ ನಗು, ಇನ್ನೂ ಯಾರೋ ಇಬ್ಬರು. ಅಕ್ಕ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು, ಎಲ್ಲಿ ಹೋದರೂ ಅದೇ ಕತೆ, ಕಲಿಯುವವರ ಪಕ್ಕದಲ್ಲಿ ಕೂತ ತನ್ನ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ, ಅದನ್ನು ಕೊನೆಯ ಗಳಿಗೆಯವರೆಗೂ ಒತ್ತಬಾರದು, ಹೆದರಿದರೇನೇ ಕಲಿಯುವುದು, ಸಾವಿರ ಸಲ ಕೇಳಿದ್ದೇನೆ, ಸೋಪು ಹಚ್ಚಿಕೊಳ್ಳುತ್ತ ನಾನೂ ಒಳಗೇ ನಕ್ಕೆ. ಅಷ್ಟರಲ್ಲಿ, ನಮ್ಮ ಪುಟ್ಟಿಗೂ ಹಂಗೇ ಮಾಡಿದ್ದೆ ಅಂದಳು. ಹೋದ ವರ್ಷ ಪಟ್ಟಿ ಒಳಗಿತ್ತು, ನಾನು ನೋಡಿದ್ದೆ, ಹೇಳ್ಲಿಲ್ಲ, ಒಂದ್ಸಲ ಅನುಭವಿಸ್ಲಿ, ಆಮೇಲೆ ಜನ್ಮದಲ್ಲಿ ಮರೆಯಲ್ಲ ಅಂತ, ಎದೆಮಟ್ಟ ನೀರು, ಪಕ್ಕದಲ್ಲೇ ನಿಂತಿದ್ದೆ, ಎಷ್ಟು ಹೊತ್ತು ಒದ್ದಾಡ್ತಾಳೆ ನೋಡೋಣ ಅಂತ — ಆಮೇಲೆ ಅವಳು ನನ್ನ ಹಾಗೆ ಕಿರುಚಿ ತೋರಿಸಿದಳು, ಅಮ್ಮಾ ಅಂತ, ಎಷ್ಟು ಚೆನ್ನಾಗಿ ಮಾಡಿದಳೆಂದರೆ ನನಗೇ ನನ್ನ ದನಿ ಕೇಳಿದ ಹಾಗಾಯಿತು, ಎಲ್ಲರೂ ನಕ್ಕರು, ಬೇಕರಿಯವರು ಮಾತ್ರ ಕೊಂಚ ತಡೆದು ಅವರಿಗೆ ಗೊತ್ತಾ ಅಂದರು, ಅಯ್ಯೋ ಅವಳು ನಾನೇ ಕಾಪಾಡಿದ್ದು ಅಂದ್ಕೊಂಡಿದ್ದಾಳೆ, ಪಾಪ, ಇರ್ಲಿ ಬಿಡಿ. ಪಾಪ ಅಂತೆ. ಇರಲಿ ಬಿಡಿ ಅಂತೆ. ನೀರು ಮೈಮೇಲೆ ಬೀಳುತ್ತಲೇ ಇತ್ತು, ಬೆಚ್ಚಗಿತ್ತೋ ತಣ್ಣಗಿತ್ತೋ ತಿಳಿಯಲಿಲ್ಲ, ಸಿಟ್ಟು ಬಂದದ್ದು ಅವಳು ಸುಮ್ಮನೆ ನಿಂತದ್ದಕ್ಕಲ್ಲ, ಅದನ್ನಾದರೂ ಕಲಿಸುವ ಹುಚ್ಚು ಅನ್ನಬಹುದು, ಒಂದು ವರ್ಷ ನನ್ನ ಬಾಯಿಂದ ಕೃತಜ್ಞತೆ ಹೇಳಿಸಿಕೊಂಡಳಲ್ಲ, ಅಮ್ಮನ ಕಣ್ಣೀರು ಕೈಮೇಲೆ ಬಿದ್ದಾಗಲೂ ಬಾಯಿ ಬಿಡಲಿಲ್ಲವಲ್ಲ, ಆ ಹಳದಿ ಬೂಟು, ನೀರಿನೊಳಗಿನಿಂದ ನೋಡಿದ್ದೆನಲ್ಲ, ಅವು ಬರುತ್ತಿರಲಿಲ್ಲ, ಈಗ ನೆನೆಸಿಕೊಂಡರೆ ಅವುಗಳ ಸುತ್ತ ಮರಳು ಕೂಡ ಏಳುತ್ತಿರಲಿಲ್ಲ, ನಡೆದು ಬರುವವರ ಕಾಲಡಿ ಮರಳು ಏಳಬೇಕಲ್ಲವೇ. ಟವಲ್ ಸುತ್ತಿಕೊಂಡು ಹೊರಬಂದರೆ, ಬಾ ಪುಟ್ಟಿ ಟೀ ಆರ್ತಿದೆ ಅಂದಳು, ಬೇಕರಿಯವರು ತಟ್ಟೆಯನ್ನು ಉಜ್ಜಿದ್ದೇ ಉಜ್ಜಿದರು, ನಾನು ಟೀ ಕುಡಿದೆ, ನನ್ನ ಮೇಲೆ ನನಗೇ ಅಸಹ್ಯ, ಸಕ್ಕರೆ ಸಾಕಾ ಅಂದಳು, ಸಾಕು ಅಂದೆ.

ಕ್ಯಾಪ್ಟನ್ ಸೀಟಿ ಊದಿದರು, ಜೋಡಿ ನೋಡಿಕೊಳ್ಳಿ ಎಂದು ಕೂಗುತ್ತಿದ್ದಾರೆ, ದ್ವೀಪ ಮಂಜಿನಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗಿದೆ, ಬಿಚ್ಚಿಕೊಂಡು ಎದ್ದುಬಿಡಲೇ, ಹೊಟ್ಟೆನೋವು ಅಂದರೆ ಯಾರೂ ಕೇಳುವುದಿಲ್ಲ, ಡೇರೆ ಮಡಚಿ ಬಸ್ಸು ಹತ್ತಿದರೆ ಸಂಜೆಗೆ ಮನೆ — ಆದರೆ ಹೆದರಿ ಓಡಿದಳು ಅನ್ನುತ್ತಾಳೆ, ಅದನ್ನೂ ನಟಿಸಿ ತೋರಿಸುತ್ತಾಳೆ, ಬೇಡ, ದ್ವೀಪಕ್ಕೆ ಹೋಗಬೇಕು, ಅವಳ ಹೊರಗಿದೆ ಎಂಬ ಮಾತಿನ ಮೇಲೆ ಮಾತ್ರ ಹೋಗಬಾರದು. ಬಂದಳು. ಬಿಸಿಲಿನ ಟೊಪ್ಪಿ, ಮೂಗಿನ ಮೇಲೆ ಬಿಳಿ ಕ್ರೀಮು, ಚಿಕ್ಕಂದಿನಲ್ಲಿ ನನ್ನ ಶೂ ಲೇಸು ಕಟ್ಟಿಕೊಡಲು ಬಗ್ಗುತ್ತಿದ್ದಳಲ್ಲ, ಹಾಗೇ ಬಗ್ಗಿದಳು, ಕೈ ಚಾಚಿದಳು, ನಾನು ಮುಖ ಆ ಕಡೆ ತಿರುಗಿಸಿ ಪಕ್ಕದ ದೋಣಿಯ ಬೇಕರಿಯವರಿಗೆ ಹೇಳಿದೆ, ಸ್ವಲ್ಪ ನೋಡ್ತೀರಾ, ನನ್ನ ಪಟ್ಟಿ ಹೊರಗಿದೆಯಾ ಅಂತ. ಅಕ್ಕನ ಕೈ ಅರ್ಧಕ್ಕೇ ನಿಂತಿತು. ನಾನಿದ್ದೀನಲ್ಲೇ ಅಂದಳು. ಹೋದ ವರ್ಷಾನೂ ಇದ್ದೆ ಅಂದೆ. ಅಷ್ಟೇ. ನಗುತ್ತಿದ್ದ ಮುಖ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಉಳಿಯಿತು, ಬೇಕರಿಯವರನ್ನು ನೋಡಿದಳು, ಅವರು ಅವಳನ್ನು ನೋಡದೆ ತಮ್ಮ ದೋಣಿಯಿಂದ ಬಗ್ಗಿ ಪಟ್ಟಿ ಜಗ್ಗಿ ನನ್ನ ಭುಜ ಮೆಲ್ಲಗೆ ತಟ್ಟಿದರು, ಹೊರಗಿದೆ ಮೇಡಂ, ನನ್ನ ಜೊತೆ ಬನ್ನಿ ಅಂದರು. ಗೆದ್ದೆ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ, ಏನಾದರೂ ಅನ್ನಲಿ, ಬೈಯಲಿ, ತಪ್ಪಾಯ್ತು ಅನ್ನುವುದೂ ಬೇಡ, ಪುಟ್ಟಿ ಎಂದು ಒಂದು ಸಲ ಕರೆದರೂ ಸಾಕು, ಮುಖ ನೋಡುವ ಧೈರ್ಯವಿಲ್ಲ, ಕೆಳಗೆ ನೋಡುತ್ತೇನೆ, ಅಲೆ ಬಂತು, ದೋಣಿ ಎದ್ದಿತು, ಮರಳಿನ ಕರಕರ ನಿಂತಿತು, ನಾನು ದಂಡೆಯಿಂದ ದೂರ ಸರಿಯುತ್ತಿದ್ದೇನೆ, ತಿಳಿನೀರಿನ ತಳದಲ್ಲಿ ಅವಳ ಕಾಲು ಕಾಣುತ್ತಿದೆ, ಒಂದು ಹೆಜ್ಜೆ ಮುಂದೆ ಬರಲಿ, ಒಂದೇ ಹೆಜ್ಜೆ ಬಂದರೂ ನಾನು ದೋಣಿ ತಿರುಗಿಸುತ್ತೇನೆ, ಮರಳು ಏಳುತ್ತದೆಯೇ ಎಂದು ನೋಡುತ್ತೇನೆ, ನೋಡುತ್ತಲೇ ಇದ್ದೇನೆ — ಎರಡು ಹಳದಿ ಬೂಟು, ನಿಂತಿವೆ, ಎರಡು ಹಳದಿ ಬೂಟು