ಮೂಸಿ ತುಂಬುವ ಅಂಗಡಿ

ಹೆಂಡತಿಯ ತಮ್ಮನನ್ನು ಅಂಗಡಿಯೊಳಗೆ ಬಿಟ್ಟುಕೊಂಡ ದಿನವೇ ನನಗೆ ಅನುಮಾನ ಶುರುವಾಯಿತು. ಕೆಲಸದಲ್ಲಿದ್ದವನು ಇದ್ದಕ್ಕಿದ್ದ ಹಾಗೆ ಬ್ಯಾಗು ಹಿಡಿದು ಅಕ್ಕನ ಮನೆಗೆ ಬಂದು, "ಭಾವ, ಅಂಗಡೀಲಿ ಏನಾದ್ರೂ ಕೆಲಸ ಇದ್ರೆ ಕೊಡಿ" ಅಂದರೆ ಯಾರು ನಂಬ್ತಾರೆ ಸ್ವಾಮಿ? ಏನೋ ಕಿತಾಪತಿ ಮಾಡಿ ಹೊರದಬ್ಬಿಸಿಕೊಂಡು ಬಂದಿರಬೇಕು ಅಂದುಕೊಂಡೆ. ಹೆಂಡತಿ, "ಪಾಪ, ಇರಲಿ ಬಿಡ್ರೀ" ಅಂದಳು. ಇರಲಿ ಅಂದೆ. ನನ್ನದು ದೊಡ್ಡ ಮನಸ್ಸು ನೋಡಿ, ನಾನು ಕೆಡೋದೇ ಅದರಿಂದ.

ನಮ್ಮದು ಸುರಿದು ಮಾರುವ ಅಂಗಡಿ, ಮೇಲೆ ಮನೆ. ಬಟ್ಟೆ ಒಗೆಯುವ ಸೋಪ್ ಆಯಿಲ್, ಕಲೆ ತೆಗೆಯುವ ಬ್ಲೀಚು, ಬಚ್ಚಲು ತೊಳೆಯುವ ಆಸಿಡ್, ಮೇಜು ಬೀರುಗಳಿಗೆ ಬಳಿಯುವ ಪಾಲಿಶ್, ಎಲ್ಲ ನೀಲಿ ಡ್ರಮ್ಮುಗಳಲ್ಲಿ. ನೋಡೋಕೆ ಎಲ್ಲ ಒಂದೇ ತಿಳಿ ಹಳದಿ. ಜನ ಮನೆಯಿಂದ ಖಾಲಿ ಬಾಟ್ಲಿ ತರ್ತಾರೆ, ನಾನು ಲಾಳಿಕೆ ಇಟ್ಟು ತುಂಬಿ ಕೊಡ್ತೀನಿ. ಇದೇನು ಮಹಾ ಕೆಲಸ ಅಂತೀರಾ? ಆ ಬಾಟ್ಲಿಯಲ್ಲಿ ಹಿಂದೆ ಏನಿತ್ತು ಅನ್ನೋದು ತರೋರಿಗೇ ನೆನಪಿರಲ್ಲ. ತಳದಲ್ಲಿ ಆಸಿಡ್ ಉಳಿದಿರೋ ಬಾಟ್ಲಿಗೆ ಬ್ಲೀಚು ಬಿದ್ದರೆ ವಿಷದ ಗಾಳಿ ಏಳುತ್ತೆ. ಬಾಗಿಲು ಹಾಕಿದ ಬಚ್ಚಲಲ್ಲಿ ಮುಚ್ಚಳ ತೆಗೆದವರು ಅಲ್ಲೇ ಕುಸೀತಾರೆ. ಅದಕ್ಕೇ ಒಂದೊಂದು ಬಾಟ್ಲಿಯನ್ನೂ ಮೂಸಿ ನೋಡಿ ತುಂಬೋದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೀದಿಯವರೆಲ್ಲ ನನ್ನನ್ನು ಕರೆಯೋದೇ ಮೂಗಣ್ಣ ಅಂತ. ಡ್ರಮ್ಮುಗಳಿಗೆ ನಾನು ಚೀಟಿ ಅಂಟಿಸಿಲ್ಲ. ಚೀಟಿ ಬೇಕಾಗೋದು ಮೂಗಿಲ್ಲದವರಿಗೆ.

ಬಾಮೈದ ಬಂದ ಮೂರನೇ ದಿನ ಕೇಳಿದ, "ಭಾವ, ಡ್ರಮ್ಮುಗಳಿಗೆ ಹೆಸರು ಬರೆದಿಡ್ಲಾ?"

"ಯಾಕಪ್ಪಾ, ನಾಳೆ ನಾನಿಲ್ದೇನೂ ಅಂಗಡಿ ನಡೀಬೇಕಾ?"

ಅವನು ತಲೆ ತಗ್ಗಿಸಿದ. ನೋಡಿದ್ರಾ? ಮನಸ್ಸಲ್ಲಿ ಏನೂ ಇಲ್ಲದವನು ಯಾಕೆ ತಲೆ ತಗ್ಗಿಸ್ತಾನೆ?

ಆಮೇಲೆ ದೂರುಗಳು ಬರತೊಡಗಿದವು. ಹೊಲಿಗೆಯವಳು ಬಂದು, "ಏನು ಮೂಗಣ್ಣ, ಪಾಲಿಶ್ ಅಂತ ಬಳಿದ್ರೆ ಮೇಜು ತುಂಬಾ ನೊರೆ ಬಂತಲ್ಲ" ಅಂದಳು. ಕ್ಷೌರದ ಅಂಗಡಿಯವನ ಕಪ್ಪು ಟವಲ್ಲುಗಳ ಮೇಲೆಲ್ಲ ಬಿಳಿ ಮಚ್ಚೆ. ಎರಡೂ ನನ್ನ ಕೈಯಾರೆ ತುಂಬಿದ ಬಾಟ್ಲಿಗಳು. ನನ್ನ ಕೈ ತಪ್ಪುತ್ತಾ? ಸಾಧ್ಯವೇ ಇಲ್ಲ. ಇವನು ಬರೋಕೆ ಮುಂಚೆಯೂ ಒಂದೆರಡು ದೂರು ಬಂದಿದ್ದು ನಿಜ, ಆದರೆ ಅವು ಗಿರಾಕಿಗಳದೇ ತಪ್ಪು. ಈಗಿನದು ಬೇರೆ. ನಾನು ತುಂಬಿದ ಮೇಲೆ ಯಾರೋ ಕೈಯಾಡಿಸ್ತಿದ್ದಾರೆ. ನನ್ನ ಹೆಸರು ಕೆಡಿಸಿ, ನನ್ನ ಸ್ಟೂಲಿನ ಮೇಲೆ ತಾವು ಕೂರೋ ಯೋಚನೆ. ಅಕ್ಕ ತಮ್ಮ ಮೆಟ್ಟಿಲ ಮೇಲೆ ನಿಂತು ಪಿಸಪಿಸ ಅಂತಿರ್ತಾರೆ, ನಾನು ಬಂದರೆ ಬಾಯಿಗೆ ಬೀಗ. ನನ್ನ ಹೊಟ್ಟೆ ಉರಿಯದೆ ಇರುತ್ತಾ?

ಎಂಟು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಇವತ್ತು ಅವನನ್ನು ಹಿಡಿದು, ಇವತ್ತೇ ಮನೆಯಿಂದ ಕಳಿಸಬೇಕು ಅಂತ ತೀರ್ಮಾನ ಮಾಡಿದೆ.

ಬೆಳಿಗ್ಗೆ ನಮ್ಮ ಬೀದಿಯ ಟೀಚರ್ ಬಾಟ್ಲಿ ಕೊಟ್ಟು, "ಬಿಳಿ ಪರದೆ ನೆನೆಹಾಕ್ಬೇಕು ಮೂಗಣ್ಣ, ಬ್ಲೀಚು ಹಾಕಿಡಿ, ಮಧ್ಯಾಹ್ನ ಬರ್ತೀನಿ" ಅಂದು ಹೋಗಿದ್ದರು. ಮೂಸಿದೆ, ತುಂಬಿದೆ. ಮುಚ್ಚಳ ಬಿಗಿಯುವಾಗ ಕಣ್ಣು ಚುರುಗುಟ್ಟಿತು. ಧೂಳು ಅಂದುಕೊಂಡು ಒರೆಸಿಕೊಂಡೆ. ಬಾಟ್ಲಿಯನ್ನು ಕಪಾಟಿನಲ್ಲಿಟ್ಟು, "ಊಟ ಮಾಡಿ ಬರ್ತೀನಿ" ಅಂತ ದಡದಡ ಮೆಟ್ಟಿಲು ಹತ್ತಿ, ಹಿಂಬಾಗಿಲಿಂದ ಬೆಕ್ಕಿನ ಹಾಗೆ ಇಳಿದು ಬಂದು ಖಾಲಿ ಡ್ರಮ್ಮುಗಳ ಹಿಂದೆ ಕೂತೆ. ಈ ವಯಸ್ಸಿನಲ್ಲಿ ಮಂಡಿ ಮಡಿಸಿ ಕೂರೋದು ಅಂದ್ರೆ ತಮಾಷೆಯಲ್ಲ.

ಬಾಮೈದ ಆಚೀಚೆ ನೋಡಿದ. ಕಪಾಟಿಗೆ ಹೋಗಿ ನಾನು ತುಂಬಿಟ್ಟಿದ್ದ ಬಾಟ್ಲಿಗಳನ್ನು ಒಂದೊಂದಾಗಿ ತೆಗೆದು ಮೂಗಿನ ಹತ್ತಿರ ಹಿಡಿದು ಮತ್ತೆ ಇಟ್ಟ. ಟೀಚರ್ ಬಾಟ್ಲಿಯ ಮುಚ್ಚಳ ಸಡಿಲಿಸಿದ್ದೇ ತಡ, ಮುಖ ತಿರುಗಿಸಿ ಕೆಮ್ಮಿದ. ಹೆಗಲ ಮೇಲಿನ ಟವಲ್ಲು ಬಾಯಿಗೆ ಒತ್ತಿಕೊಂಡು ಬಾಟ್ಲಿ ಹಿಡಿದು ಹಿತ್ತಲ ನಲ್ಲಿಯತ್ತ ಓಡಿದ.

ಸಿಕ್ಕಿಬಿದ್ದೆಯಾ ಮಗನೇ!

"ನಿಲ್ಲೋ ಅಲ್ಲೇ!" ಎದ್ದು ಹಿಂದೆಯೇ ಹೋದೆ. "ನಾನು ತುಂಬಿದ್ದನ್ನ ಚೆಲ್ಲಿ ಏನು ಹಾಕ್ಬೇಕು ಅಂತಿದ್ದೆ? ಉಂಡ ಮನೆಗೇ ಎರಡು ಬಗೀತೀಯಲ್ಲೋ! ಹೊರಡು, ಈಗಿಂದೀಗ್ಲೇ ಬ್ಯಾಗು ತಗೊಂಡು ಹೊರಡು!"

"ಹೋಗ್ತೀನಿ ಭಾವ. ಮೊದಲು ಇದನ್ನ ಚೆಲ್ಲೋಕೆ ಬಿಡಿ."

"ಕೊಡು ಇಲ್ಲಿ, ಮೂಸಿ ಹೇಳ್ತೀನಿ ಏನು ಬೆರೆಸಿದ್ದೀಯ ಅಂತ."

"ಬೇಡ ಭಾವ! ಕೈ ಮುಗೀತೀನಿ, ಮೂಸಬೇಡಿ."

ಸಾಕ್ಷಿ ಮುಚ್ಚೋಕೆ ನೋಡ್ತಾನೆ! ಬಾಟ್ಲಿ ಕಿತ್ತುಕೊಂಡು ಮೂಗಿಗಿಟ್ಟು ಉಸಿರೆಳೆದೆ.

ಎದೆ ಗಪ್ಪನೆ ಹಿಡಿಯಿತು. ಕಣ್ಣಲ್ಲಿ ಧಾರಾಕಾರ ನೀರು. ಕೆಮ್ಮಿ ಕೆಮ್ಮಿ ನೆಲಕ್ಕೆ ಕೂತೆ. ಆದರೆ ವಾಸನೆ? ವಾಸನೆ ಇರಲಿಲ್ಲ. ಒಂದು ಚೂರೂ ಇರಲಿಲ್ಲ.

ಅವನು ಬಾಟ್ಲಿ ಕಸಿದು, ನಲ್ಲಿ ಪೂರ್ತಿ ತಿರುಗಿಸಿ ಮೋರಿಗೆ ಸುರಿದು, ನನ್ನನ್ನು ಗಾಳಿಗೆ ಎಳೆದು ಕೂರಿಸಿದ. ಸದ್ದು ಕೇಳಿ ಹೆಂಡತಿ ಓಡಿ ಬಂದಳು. ತಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ವಾಸನೆ ಬಂತಾ?" ಅಂತ ಕೇಳಿದಳು.

"ನೆಗಡಿ ಕಣೇ."

"ಹತ್ತು ತಿಂಗಳ ನೆಗಡಿನಾ?"

ನಾನು ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡೆ.

"ಅವತ್ತು ಹಾಲು ಉಕ್ಕಿ, ಸೀದು, ಪಾತ್ರೆ ಕರಿ ಆದ್ರೂ ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಿ. ಅವತ್ತೇ ನನ್ನ ಜೀವ ಬಾಯಿಗೆ ಬಂತು. ಹೇಳಿದ್ರೆ ಕೇಳ್ತಿದ್ರಾ? ಮನೆ ಹಾರಿಹೋಗೋ ಹಾಗೆ ಕೂಗಾಡ್ತಿದ್ರಿ. ಅದಕ್ಕೇ ಇವನನ್ನ ಗೋಗರೆದು ಕರೆಸಿದೆ. ಪಾಲಿಶ್ ಫ್ಯಾಕ್ಟರೀಲಿ ಮೇಸ್ತ್ರಿ ಆಗಿದ್ದ ಇವನು. ಯಾರೂ ಓಡಿಸಿದ್ದಲ್ಲ, ನಾನೇ ಕೆಲಸ ಬಿಡಿಸಿದ್ದು. ನೀವು ತುಂಬಿದ್ದನ್ನೆಲ್ಲ ದಿನಾ ಕದ್ದು ಮೂಸಿ, ಸರಿ ಮಾಡಿಡ್ತಿದ್ದ. ಅವನ ಕಣ್ಣು ತಪ್ಪಿದವು ಮಾತ್ರ ದೂರಾಗಿ ಬಂದ್ವು."

"ನನಗೆ ಯಾಕೋ ಹೇಳಲಿಲ್ಲ?" ಅಂತ ಅವನನ್ನು ಕೇಳಿದೆ.

"ಬೀದಿಯವರ ಮುಂದೆ ನಿಮ್ಮ ಮರ್ಯಾದೆ ಹೋಗಬಾರದು ಅಂತ ಅಕ್ಕ ಆಣೆ ಹಾಕಿಸ್ಕೊಂಡಿದ್ಲು ಭಾವ" ಅಂದವನೇ ಮೇಲೆ ಹೋದ. ಬ್ಯಾಗಿನ ಜಿಪ್ಪು ಎಳೆಯುವ ಸದ್ದು ಕೇಳಿಸಿತು. ನಾನೇ ಹೊರಡು ಅಂದಿದ್ದೆನಲ್ಲ.

ನನಗೆ ಗೊತ್ತಿರಲಿಲ್ಲವಾ? ಸುಳ್ಳು ಯಾಕೆ ಹೇಳಲಿ, ಗೊತ್ತಿತ್ತು. ಮೂಸಿದ ಹಾಗೆ ಮಾಡಿ ಅಂದಾಜಿನ ಮೇಲೆ ತುಂಬ್ತಿದ್ದೆ. ಮೂಗಣ್ಣನಿಗೆ ಮೂಗಿಲ್ಲ ಅನ್ನೋದಕ್ಕಿಂತ ಬಾಮೈದ ಕಳ್ಳ ಅನ್ನೋದು ಸಲೀಸಾಗಿತ್ತು.

ಅಷ್ಟರಲ್ಲಿ ಟೀಚರ್ ಬಂದರು. "ಆಯ್ತಾ ಮೂಗಣ್ಣ? ಬೇಗ ಕೊಡಿ, ಮಗೂಗೆ ಸ್ನಾನ ಮಾಡಿಸ್ತಾ ಹಾಗೇ ಪರದೆ ನೆನೆಹಾಕ್ತೀನಿ."

ನಾನು ಎದ್ದು ಕೌಂಟರಿಗೆ ಹೋದೆ.

"ಟೀಚರೇ, ನಿಮ್ಮ ಬಾಟ್ಲೀಲಿ ಆಸಿಡ್ ಇತ್ತು. ನಾನು ಅದರ ಮೇಲೆ ಬ್ಲೀಚು ತುಂಬಿಟ್ಟಿದ್ದೆ. ನನ್ನ ಮೂಗು ಹೋಗಿ ಹತ್ತು ತಿಂಗಳಾಯ್ತು. ನಿಮ್ಮನ್ನ, ಮಗೂನ ಕಾಪಾಡಿದ್ದು ನನ್ನ ಬಾಮೈದ."

ಟೀಚರ್ ಕೌಂಟರಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡರು. ಬಾಮೈದ ಹೆಗಲಿಗೆ ಬ್ಯಾಗು ಹಾಕಿಕೊಂಡು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದ.

"ಇರು ಅಂತ ಹೇಳೋ ಮುಖ ನನಗಿಲ್ಲಪ್ಪ. ಆದ್ರೂ ಕೇಳ್ತೀನಿ. ಇರ್ತೀಯಾ?"

ಅವನು ಬ್ಯಾಗನ್ನು ಮೆಟ್ಟಿಲ ಮೇಲಿಟ್ಟ. ಹೊಸ ಬಾಟ್ಲಿಯೊಂದನ್ನು ತೊಳೆದು, ಮೂಸಿ, ಡ್ರಮ್ಮು ಮೂಸಿ, ಬ್ಲೀಚು ತುಂಬಿದ. ಮುಚ್ಚಳ ಹಾಕುವ ಮುಂಚೆ, ಟೀಚರ್ ಎದುರಿಗೇ ಬಾಟ್ಲಿಯನ್ನು ನನ್ನತ್ತ ಚಾಚಿದ.

"ಒಂದ್ಸಲ ನೀವೂ ನೋಡಿಬಿಡಿ ಭಾವ."

ನಾನು ಬಾಟ್ಲಿಯನ್ನು ಅವನ ಕಡೆಗೇ ತಳ್ಳಿದೆ.

"ನೀನು ನೋಡಿದೀಯಲ್ಲ," ಅಂದೆ. "ಸಾಕು, ಕೊಡು ಅವರಿಗೆ."