ಮೊಳೆ ಹೊಡೆಯುವ ಸದ್ದು

ಕತ್ತರಿ ಅನ್ನುವುದು ಓದುಗರು ಅವನಿಗೆ ಇಟ್ಟ ಹೆಸರು. ವಾರಪತ್ರಿಕೆಯೊಂದಕ್ಕೆ ನಲವತ್ತು ವರ್ಷ ಸಂಗೀತ ವಿಮರ್ಶೆ ಬರೆದು, ಕಂಡ ಕಂಡ ಹಾಡುಗಾರರ ರೆಕ್ಕೆ ಕತ್ತರಿಸಿದ್ದಕ್ಕೆ ಸಿಕ್ಕಿದ ಬಹುಮಾನ. ಅವನೂ ಅದನ್ನು ಬೈಗುಳ ಅಂದುಕೊಳ್ಳದೆ ಬಿರುದು ಅಂತಲೇ ಹೊತ್ತು ತಿರುಗಿದ.

ಅಷ್ಟೆಲ್ಲ ಬರೆದರೂ ಜನ ಇವತ್ತಿಗೂ ನೆನಪಿಟ್ಟುಕೊಂಡಿರುವುದು ಎರಡೇ ಸಾಲು. ಮೂರು ಆಲ್ಬಮ್ ತನಕ ಕೇಳುವವರ ಎದೆ ನಡುಗಿಸುತ್ತಿದ್ದ ರಾಕ್ ತಂಡವೊಂದು ನಾಲ್ಕನೆಯದರಲ್ಲಿ ಇದ್ದಕ್ಕಿದ್ದಂತೆ ದನಿ ತಗ್ಗಿಸಿತು. ಗಿಟಾರಿನ ಅಬ್ಬರ ಹೋಗಿ ಪಿಯಾನೋ ಬಂತು. ಓಡುತ್ತಿದ್ದ ಹಾಡುಗಳು ನಡೆಯತೊಡಗಿದವು. ಆಗ ಕತ್ತರಿ ಬರೆದ: ‘ಇದು ಹಾಡಲ್ಲ, ಹಾಡಿಗೆ ಬಂದ ನಿದ್ದೆ. ಆ ನಿದ್ದೆಯನ್ನೂ ಕೆಡಿಸಲು ಪಕ್ಕದ ಮನೆಯವರು ಮೊಳೆ ಹೊಡೆಯುತ್ತಿದ್ದಾರೆ.’ ಹಾಡುಗಳ ಹಿಂದೆಲ್ಲ ದಪ್ ದಪ್ ಅನ್ನುವ ಸದ್ದೊಂದು ಕೇಳುತ್ತಿತ್ತು, ಅದಕ್ಕೆ ಕೊಟ್ಟ ಏಟು ಅದು. ಓದಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಡ ಮತ್ತೆರಡು ಆಲ್ಬಮ್ ಮಾಡಿ, ಕೇಳುವವರಿಲ್ಲದೆ ಚದುರಿಹೋಯಿತು.

ಆ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು ಅವನ ಅಕ್ಕನ ಗಂಡ.

ಭಾವ ಅಂತ ಬಿಟ್ಟರೆ ನಾನೆಂಥ ವಿಮರ್ಶಕ ಅಂತ ಅವತ್ತು ಎದೆ ಉಬ್ಬಿಸಿದ್ದ. ಮುಂದಿನ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದಾಗ ಭಾವ ಬಾಗಿಲು ತೆರೆದು, “ಬಾ, ಹೊರಗೆ ಬಿಸಿಲಾ?” ಅಂದರು. ಅಷ್ಟೇ. ಅಲ್ಲಿಂದ ಮೂವತ್ತೊಂದು ವರ್ಷ ಇಬ್ಬರೂ ಬಿಸಿಲು, ಸೋರುವ ನಲ್ಲಿ, ಮಂಡಿನೋವು ಎಲ್ಲದರ ಬಗ್ಗೆಯೂ ಮಾತಾಡಿದರು, ಸಂಗೀತ ಒಂದನ್ನು ಬಿಟ್ಟು. ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು. ಹದಿನಾರನೇ ವಯಸ್ಸಿನಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡನ್ನು ಹೇಗೆ ಕೇಳಬೇಕು ಅಂತ ಕಲಿಸಿದವರೇ ಈ ಭಾವ. ಅವರು ಸಂಗೀತದ ಬಗ್ಗೆ ತನ್ನೊಂದಿಗೆ ಇನ್ನೊಂದು ಮಾತು, ಒಂದೇ ಒಂದು ಮಾತು ಆಡಲಿ ಅನ್ನುವ ಆಸೆ ಅವನಿಗೆ ವರ್ಷವರ್ಷವೂ ಬಲಿಯುತ್ತ ಹೋಯಿತು. ಕೇಳಲು ಮಾತ್ರ ಬಾಯಿ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇವನದಂತೂ ಅಚ್ಚಾಗಿ ಬೇರೆ ಹೋಗಿತ್ತು.

ಈಗ ಯಾರೋ ಪುಣ್ಯಾತ್ಮರು ತಂಡದ ಕೊನೆಯ ಮೂರು ಆಲ್ಬಮ್‌ಗಳನ್ನು ಮತ್ತೆ ತರುತ್ತಿದ್ದರು. ಜೊತೆಗೊಂದು ಲೇಖನ ಬೇಕು, ನೀವೇ ಬರೆಯಬೇಕು ಅಂತ ಕತ್ತರಿಗೆ ಪತ್ರ ಬಂತು. ಅಂದು ಬೈದವನೇ ಇಂದು ಏನನ್ನುತ್ತಾನೆ ಅನ್ನುವ ಕುತೂಹಲ ಅವರಿಗೆ. ಅವನು ಒಪ್ಪಿಕೊಂಡ. ನೀರಿಗಿಳಿದ ಮೇಲೆ ಚಳಿಯೇನು ಅಂದುಕೊಂಡು, ಕಿಟಕಿ ಪಕ್ಕದ ಮೇಜಿನ ಮೇಲೆ ಪೆನ್ಸಿಲು, ಕಾಗದ ಇಟ್ಟುಕೊಂಡು ಕೂತ.

ಮೊದಲು ಹಳೆಯ ಮೂರನ್ನು ಕೇಳಿದ. ಚೆನ್ನಾಗಿದ್ದವು, ಆದರೆ ಎಲ್ಲರೂ ಒಟ್ಟಿಗೆ ಮಾತಾಡುವ ಮನೆಯ ಹಾಗೆ ಕಂಡವು. ನಾಲ್ಕನೆಯದನ್ನು ಹಾಕಿದ. ಮೊದಲ ದಿನ ಹಳೇ ಸಿಟ್ಟು, ಎರಡನೇ ದಿನ ಅನುಮಾನ. ಮೂರನೇ ದಿನ ಬೆಳಿಗ್ಗೆ ಐದನೇ ಹಾಡು ನಡೆಯುತ್ತಿದ್ದಾಗ ಕೈಯಲ್ಲಿದ್ದ ಕಾಫಿ ಆರಿಹೋದದ್ದು ಗೊತ್ತಾಗಲಿಲ್ಲ. ಹಾಡುವವನು ಒಂದು ಸಾಲು ಹಾಡಿ ನಿಲ್ಲುತ್ತಾನೆ, ಉಳಿದ ಮೂವರೂ ಕಾಯುತ್ತಾರೆ. ಯಾರೂ ಯಾರ ಮಾತನ್ನೂ ತುಂಡರಿಸುವುದಿಲ್ಲ. ಇದು ನಿದ್ದೆಯಲ್ಲ, ಒಬ್ಬರಿಗೊಬ್ಬರು ಕೊಡುವ ಮರ್ಯಾದೆ ಅನ್ನಿಸಿತು. ಮೂವತ್ತೆರಡು ವರ್ಷದ ಕತ್ತರಿಗೆ ಮರ್ಯಾದೆಯ ಸದ್ದು ಹೇಗಿರುತ್ತದೆ ಅಂತ ಎಲ್ಲಿ ಗೊತ್ತಿತ್ತು?

ಆದರೆ ಆ ಮೊಳೆ ಮಾತ್ರ ಬಿಡಲಿಲ್ಲ. ದಪ್, ದಪ್. ಈ ಸಲ ಅವನು ಪ್ರತಿ ಏಟಿಗೂ ಪೆನ್ಸಿಲಿನಲ್ಲಿ ಗೀಟು ಎಳೆದ. ಡ್ರಮ್ಸ್ ಇಲ್ಲದ ಹಾಡುಗಳಲ್ಲಿ ಒಂದು ಗೀಟೂ ಬೀಳಲಿಲ್ಲ. ಭಾವ ಬಾರಿಸುವ ಹಾಡುಗಳಲ್ಲಿ ಮಾತ್ರ ಆ ಸದ್ದು, ಅದೂ ಅವರ ಏಟಿಗಿಂತ ಕೂದಲೆಳೆಯಷ್ಟು ಮುಂಚೆ. ಐದನೇ ಆಲ್ಬಮಿನಲ್ಲಿ ಇನ್ನೂ ಜೋರು, ಆರನೆಯದರಲ್ಲಿ ಮತ್ತೂ ಜೋರು. ಕತ್ತರಿ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಅಕ್ಕನ ಮನೆಗೆ ಹೊರಟ.

ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಅವನು ಗೀಟುಗಳ ಕಾಗದ ಬಿಚ್ಚಿ, ಮೊಳೆಯ ಸದ್ದು ಭಾವ ಬಾರಿಸುವ ಹಾಡುಗಳಲ್ಲಿ ಮಾತ್ರ ಇದೆ ಅಂದ. ಅವಳು ಕಾಗದ ನೋಡಿದಳು, ಭಾವ ಇದ್ದ ಹಿತ್ತಿಲ ಕಡೆ ಒಮ್ಮೆ ತಿರುಗಿ ನೋಡಿದಳು, ಮಡಚುತ್ತಿದ್ದ ಅಂಗಿ ಕೆಳಗಿಟ್ಟಳು.

“ಅಂತೂ ಸಿಕ್ತಲ್ಲ ನಿನಗೆ.”

“ಏನೇ ಅದು?”

“ಬೇಸ್ ಗಿಟಾರ್ ನುಡಿಸ್ತಿದ್ದನಲ್ಲ, ಅವನ ಕಾಲು. ಮೂರನೇ ಆಲ್ಬಮ್ ಹೊತ್ತಿಗೆ ಇವರ ಕಿವಿ ಹೋಗಿತ್ತು ಕಣೋ. ಜೋರು ಸದ್ದಿದ್ರೆ ತಲೆಯೊಳಗೆ ಬರೀ ಸಿಳ್ಳೆ, ಬೇರೇನೂ ಕೇಳಿಸ್ತಿರಲಿಲ್ಲ. ಬಿಟ್ಟುಬಿಡಿ ಅಂದ್ರು ಡಾಕ್ಟರು. ಇವರು ಹೋಗಿ ಮೂವರಿಗೂ ಹೇಳಿದ್ರು, ಬೇರೆಯವರನ್ನ ಹುಡುಕ್ಕೊಳ್ಳಿ ಅಂತ. ಹಾಡೋನು ಏನಂದ ಗೊತ್ತಾ? ಸದ್ದು ಬೇಕಾದ್ರೆ ಬಿಡೋಣ, ಇವನನ್ನ ಬಿಡೋದು ಬೇಡ ಅಂದ.”

ಕತ್ತರಿ ಮಡಚಿದ ಬಟ್ಟೆಗಳ ಪಕ್ಕ ಕೂತ.

“ಅಬ್ಬರ ಎಲ್ಲ ತೆಗೆದ್ರು. ಇವರ ಸ್ಟೂಲಿನಿಂದ ಬೇಸ್ ಗಿಟಾರಿನವನು ನಿಲ್ಲೋ ಜಾಗದ ತನಕ ಒಂದೇ ಹಲಗೆ ಹಾಸಿದ್ರು. ಅವನು ಹಿಮ್ಮಡಿಯಲ್ಲಿ ಹೊಡೀತಿದ್ದ, ಹಲಗೆ ಅದುರೋದ್ರಲ್ಲೇ ಇವರು ಕೂತಲ್ಲಿ ತಾಳ ಹಿಡ್ಕೋತಿದ್ರು. ಆ ಸದ್ದು ರೆಕಾರ್ಡಿನಲ್ಲಿ ಬೀಳುತ್ತೆ ಅಂತ ಗೊತ್ತಿತ್ತು. ಬಿದ್ರೆ ಬೀಳಲಿ ಅಂದ್ರು.”

“ನನಗೆ ಹೇಳಬಹುದಿತ್ತಲ್ಲೇ?”

“ಪೇಪರಿನವನಿಗಾ?” ಅಕ್ಕ ನಕ್ಕಳು. ನಗು ಬೇಗ ಆರಿತು. “ನೀನು ಬರೆದಿದ್ದನ್ನ ಓದಿ ಇವರೂ ನಕ್ಕರು. ಅವನಿಗೆ ಕೇಳಿಸುತ್ತಂತೆ ಕಣೇ, ನನಗೇ ಕೇಳಿಸಲ್ಲ ಅಂದ್ರು. ಆಮೇಲೆ ಎರಡು ದಿನ ಊಟಕ್ಕೇ ಏಳಲಿಲ್ಲ.”

ಭಾವನ ಕಿವಿ ಮಂದವಾಗಿರುವುದು ವಯಸ್ಸಿನಿಂದ ಅಂತ ಅವನು ಇಷ್ಟು ವರ್ಷ ನಂಬಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕೇಳಲಾರದೆ ಕುಣಿಯುವವರ ನೆಲವನ್ನೇ ಬೈದಿದ್ದ.

ನಾಲ್ಕು ದಿನ ಕೂತು ಲೇಖನ ಬರೆದ. ಐದನೆಯ ದಿನ ಮಧ್ಯಾಹ್ನ ಅದನ್ನು ಹಿಡಿದು ಹೋದಾಗ ಭಾವ ಹಿಂದಿನ ಕೋಣೆಯಲ್ಲಿದ್ದರು. ಒಂದು ಚಿಕ್ಕ ಡ್ರಮ್, ಸ್ಟೂಲು, ಕೆಳಗೆ ಆ ಉದ್ದನೆಯ ಹಲಗೆ. ಬೇಸ್ ಗಿಟಾರಿನವನು ತೀರಿಹೋಗಿ ಎರಡು ವರ್ಷವಾಗಿತ್ತು. ಅಲ್ಲಿಯ ತನಕ ಅವನು ಪ್ರತಿ ಗುರುವಾರ ಬಂದು ಇಲ್ಲೇ ಹಲಗೆಯ ಕೊನೆಗೆ ನಿಲ್ಲುತ್ತಿದ್ದನಂತೆ. ಈಗ ಡ್ರಮ್ಮಿನ ಮೇಲೆ ಹಳೇ ಟವೆಲ್ ಹೊದಿಸಿತ್ತು.

ಭಾವ ಕನ್ನಡಕ ಹಾಕಿಕೊಂಡು ಓದಿದರು. ಒಂದು ಪುಟ, ಎರಡು ಪುಟ. ಮೂರನೇ ಪುಟದಲ್ಲಿ ಹಲಗೆಯ ಕತೆ, ಕಿವಿಯ ಕತೆ, ಕತ್ತರಿಯ ಕ್ಷಮೆ ಎಲ್ಲ ಇತ್ತು. ಅವರು ಪೆನ್ನು ತೆಗೆದು ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೀಟು ಎಳೆದರು.

“ಭಾವ, ಅದೇ ಮುಖ್ಯ.” ಅವರಿಗೆ ತುಟಿ ಕಾಣುವಂತೆ ಬಾಗಿ ಹೇಳಿದ.

“ಅಲ್ಲ. ಪಾಪ ಕಿವುಡ ಅಂತ ಯಾರೂ ನಮ್ಮ ಹಾಡು ಕೇಳೋದು ಬೇಡ. ಚೆನ್ನಾಗಿದ್ರೆ ಕೇಳಲಿ. ಮೊದಲೆರಡು ಪುಟದಲ್ಲಿ ನೀನು ಅದನ್ನ ಹೇಳಿದ್ದೀಯ. ಸಾಕು.” ಹಾಳೆಗಳನ್ನು ಅವನ ಕೈಗಿಟ್ಟು ಅಂದರು: “ಆದ್ರೆ ತೀರಾ ಹೊಗಳಿದ್ದೀಯ. ಆರನೇದರಲ್ಲಿ ಎರಡನೇ ಹಾಡು ನಿಜವಾಗ್ಲೂ ನಿದ್ದೇನೇ.”

ಮೂವತ್ತೊಂದು ವರ್ಷಕ್ಕೆ ಬಂದ ಮಾತು ಅದು. ಕತ್ತರಿ ಕ್ಷಮಿಸಿ ಅನ್ನಲು ಬಾಯಿ ತೆರೆದ. ಭಾವ ಆಗಲೇ ಮುಖ ತಿರುಗಿಸಿ ಕನ್ನಡಕ ಮಡಚುತ್ತಿದ್ದರು. ಬಾಯಲ್ಲಿ ಏನು ಹೇಳಿದರೂ ಅವರಿಗೆ ತಲುಪುವಂತಿರಲಿಲ್ಲ.

ಅವನು ಎದ್ದು ಹಲಗೆಯ ಆ ಕೊನೆಗೆ ಹೋಗಿ ನಿಂತ. ಹಿಮ್ಮಡಿ ಎತ್ತಿ ಒಂದು ಹೊಡೆದ. ದಪ್.

ಭಾವನ ಬೆನ್ನು ನೆಟ್ಟಗಾಯಿತು. ತಿರುಗಿ ನೋಡಲಿಲ್ಲ. ಇನ್ನೊಂದು ಹೊಡೆದ, ಮತ್ತೊಂದು. ಭಾವ ನಿಧಾನವಾಗಿ ಟವೆಲ್ ತೆಗೆದು, ಕೋಲುಗಳನ್ನು ಕೈಗೆತ್ತಿಕೊಂಡು, ನಾಲ್ಕು ಏಟು ಬಾರಿಸಿ ನಿಲ್ಲಿಸಿದರು.

“ತಡ ಮಾಡ್ತಿದ್ದೀಯ,” ಅಂದರು. “ನೀನು ಯಾವಾಗ್ಲೂ ಮುಗಿದ ಮೇಲೆ ಬರೋನು. ನನಗಿಂತ ಕೂದಲೆಳೆಯಷ್ಟು ಮುಂಚೆ ಹೊಡಿ.”

ಅವನು ಕಣ್ಣೊರೆಸಿಕೊಂಡು, ಕೂದಲೆಳೆಯಷ್ಟು ಮುಂಚೆ ಹೊಡೆದ.