ಮರೆತಿರಬೇಕು

"ನಾಲ್ಕನೇದಕ್ಕೆ ಏನ್ ಹೆಸರು ಹಾಕ್ಲಿ?"

ಲಾಂಡ್ರಿಯ ಯಜಮಾನಮ್ಮ ಸ್ಟೂಲಿನ ಮೇಲೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಫೋನಿನ ಮೇಲೆ ಬೆರಳು ಎತ್ತಿ ಹಿಡಿದು ಕಾಯುತ್ತಿದ್ದರು. ಒಂದು, ಎರಡು, ಮೂರು ಮುಗಿದಿತ್ತು: ದೊಡ್ಡ ಮಷೀನು, ಚಿಕ್ಕ ಮಷೀನು, ನೀರಿನ ಪಂಪು. ಎಲೆಕ್ಟ್ರಿಷಿಯನ್ ಮಾತ್ರ ತೆರೆದ ಪ್ಯಾನೆಲ್ಲಿನ ಮುಂದೆ ಟಾರ್ಚು ಹಿಡಿದು ಕಂಬದ ಹಾಗೆ ನಿಂತಿದ್ದ.

"ಒಂದು ಹೆಸರಿಡೋಕೆ ಇಷ್ಟು ಹೊತ್ತೇನಪ್ಪಾ? ನನ್ನ ಮಗಳಿಗೂ ನಾವು ಇಷ್ಟು ಯೋಚನೆ ಮಾಡಿರ್ಲಿಲ್ಲ."

"ಇಸ್ತ್ರಿ," ಅಂದ ಅವನು. "ಇಸ್ತ್ರಿ ಅಂತ ಹಾಕಿ."

ನಾಲ್ಕನೇ ಸ್ವಿಚ್ಚಿನ ಕೆಳಗೆ ಅಂಟಿಸಿದ್ದ ಚೀಟಿಯಲ್ಲೂ ಅದೇ ಇತ್ತು, ಅವನದೇ ದುಂಡು ಅಕ್ಷರದಲ್ಲಿ. ಆದರೆ ಆರು ವರ್ಷದ ಶಾಖಕ್ಕೆ ಚೀಟಿಯ ಬಲತುದಿ ಸುರುಳಿ ಸುತ್ತಿಕೊಂಡು ಮೇಲೆದ್ದಿತ್ತು. ಅದರ ಕೆಳಗೆ ಇನ್ನೊಂದು ಚೀಟಿಯ ಅಂಚು. ಅದರ ಮೇಲೂ ಅವನದೇ ಅಕ್ಷರ, 'ರ್' ಎಂಬ ಕೊನೆಯ ಒಂದು ಅಕ್ಷರ ಮಾತ್ರ ಕಾಣುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದ. ಬೆರಳು ತೆಗೆದ ಕೂಡಲೇ ಚೀಟಿ ಮತ್ತೆ ಎದ್ದು ನಿಂತಿತು.

ಈ ಪ್ಯಾನೆಲ್ಲಿಗೆ ಕೈ ಹಾಕಬಾರದೆಂದು ಅವನು ಆರು ವರ್ಷ ತಪ್ಪಿಸಿಕೊಂಡು ಓಡಾಡಿದ್ದ. ಲಾಂಡ್ರಿಯಿಂದ ಕರೆ ಬಂದಾಗಲೆಲ್ಲ ಊರಲ್ಲಿಲ್ಲ, ಜ್ವರ, ಗಾಡಿ ಕೆಟ್ಟಿದೆ ಎಂದು ಬೇರೆಯವರನ್ನು ಕಳಿಸಿದ್ದ. ಈ ಸಲ ಹೇಳಿದ್ದು ಅಕ್ಕನ ಗಂಡ. "ನೀನೇ ಹೋಗೋ. ಅದು ನಾವಿಬ್ರೂ ಕೂಡಿಸಿದ ಪ್ಯಾನೆಲ್ಲು. ಕಂಡೋರು ಯಾಕೆ ಮುಟ್ಟಬೇಕು?" ಎಂದಿದ್ದರು. ಭಾವನ ಮುಖಕ್ಕೆ ಎದುರಾಗಿ ಇನ್ನೊಂದು ಸುಳ್ಳು ಹೇಳಲು ಅವನ ನಾಲಿಗೆ ಹೊರಳಲಿಲ್ಲ. ಒಂದು ಹೇಳಿದ್ದೇ ಸಾಕಾಗಿತ್ತು.

ಕೆಲಸವೇನೋ ಸಣ್ಣದು. ಯಾವ ಮಷೀನು ಎಷ್ಟು ಕರೆಂಟು ತಿನ್ನುತ್ತಿದೆಯೆಂದು ಯಜಮಾನಮ್ಮನಿಗೆ ಗೊತ್ತಾಗಬೇಕಿತ್ತು. ಅದಕ್ಕೊಂದು ಬಿಳಿ ಡಬ್ಬಿ ಬಂದಿತ್ತು, ಸಾಬೂನಿನ ಬಿಲ್ಲೆಯಷ್ಟು ದೊಡ್ಡದು. ಅದರಿಂದ ಆರು ತೆಳ್ಳನೆ ವೈರು, ಒಂದೊಂದರ ತುದಿಗೂ ಬಾಯಿ ತೆರೆದು ಮುಚ್ಚುವ ಒಂದು ಕರಿ ಉಂಗುರ. ಉಂಗುರ ಯಾವ ವೈರನ್ನು ಅಪ್ಪಿಕೊಂಡಿದೆಯೋ ಅದರ ಚಾಡಿಯನ್ನು ಡಬ್ಬಿ ಗಾಳಿಯಲ್ಲೇ ಫೋನಿಗೆ ಮುಟ್ಟಿಸುತ್ತದೆ.

ಅವನು ಮೇನ್ ಸ್ವಿಚ್ಚು ಇಳಿಸಿ, ಅದಕ್ಕೆ ಪುಟ್ಟ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿಗೇ ಹಾಕಿಕೊಂಡಿದ್ದ. ಮೇನ್ ಇಳಿಸಿದರೂ ಹೊರಗಿನಿಂದ ಬರುವ ದಪ್ಪ ವೈರುಗಳ ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಟೆಸ್ಟರನ್ನು ಮೊದಲು ಅಲ್ಲಿಟ್ಟು, ಉರಿಯುತ್ತದೆಂದು ನೋಡಿದ. ಆಮೇಲೆ ಕೆಳಗಿನ ಒಂದೊಂದು ಸ್ವಿಚ್ಚಿಗೂ ಇಟ್ಟು, ಉರಿಯುವುದಿಲ್ಲವೆಂದು ನೋಡಿದ. ಕೊನೆಗೆ ಮತ್ತೆ ಮೇಲಿಟ್ಟು, ಟೆಸ್ಟರ್ ನಡುವೆ ಕೆಟ್ಟಿಲ್ಲವೆಂದು ನೋಡಿದ. ಕರೆಂಟಿದ್ದ ತುದಿಗಳ ಮೇಲೆ ರಬ್ಬರ್ ಹಾಳೆ ಮುಚ್ಚಿದ. ಇಷ್ಟೂ ಭಾವ ಕಲಿಸಿದ್ದು. ಕಲಿಯುವ ಕಾಲದಲ್ಲಿ ಮೂರು ಸಲ ಮುಟ್ಟಿಸದೆ ಕೈ ಚಾಚಿದರೆ ಭಾವ ಮಣಿಕಟ್ಟಿನ ಮೇಲೆ ಫಟ್ಟನೆ ಬಾರಿಸುತ್ತಿದ್ದರು. ಅಂಥ ಭಾವ ಆವತ್ತೊಂದು ದಿನ ಯಾಕೆ ಟೆಸ್ಟರ್ ಹಿಡಿಯಲಿಲ್ಲ ಎಂಬುದು ಅವನಿಗೆ ಇವತ್ತಿನವರೆಗೂ ಬಗೆಹರಿದಿರಲಿಲ್ಲ.

"ಐದನೇದು ಡ್ರೈಯರ್ರು ತಾನೇ?" ಯಜಮಾನಮ್ಮ ತಾವೇ ಬರೆದುಕೊಂಡರು. "ಅಯ್ಯೋ, ಆ ಡ್ರೈಯರ್ರು ನೋಡಿದಾಗಲೆಲ್ಲ ನಿಮ್ಮ ಭಾವಂದೇ ನೆನಪು. ಪಾಪ, ಹೇಗಿದಾರೆ?"

"ಹಾಂ, ಇದಾರೆ."

"ಆವತ್ತು ಎಲ್ಲಾ ಒಟ್ಟಿಗೇ ಆಯ್ತು ನೋಡು. ಇಸ್ತ್ರಿಯಮ್ಮ ಪೆಟ್ಟಿಗೆ ತಣ್ಣಗಾಯ್ತು, ಕರೆಂಟು ಹೋಯ್ತು ಅಂತ ಒಳಗಿಂದ ಬಡ್ಕೊಳ್ತಿದ್ಲು. ದೀಪ ಉರೀತಿದೆಯಲ್ಲೇ, ಎಲ್ಲಿ ಹೋಯ್ತು ಕರೆಂಟು ಅಂತ ನಾನು ಬೈತಿದ್ದೆ. ಅಷ್ಟರಲ್ಲಿ ಧೊಪ್ ಅಂತ ಸದ್ದು."

ಅವನು ನಾಲ್ಕನೇ ಚೀಟಿಗೆ ಬೆನ್ನು ಅಡ್ಡ ಮಾಡಿ ನಿಂತ. ಯಜಮಾನಮ್ಮನಿಗೆ ಏನೂ ಹೊಳೆದಿರಲಿಲ್ಲ. ಕೌಂಟರಿನಲ್ಲಿ ಯಾರೋ ಬಟ್ಟೆಯ ಗಂಟು ಇಟ್ಟು ಕೂಗಿದರು, ಅವರು ಎದ್ದು ಹೋದರು.

ಆಗಿದ್ದು ಇಷ್ಟೇ. ಪ್ಯಾನೆಲ್ಲು ಹೊಸದಾಗಿ ಕೂಡಿಸಿದಾಗ ಚೀಟಿ ಬರೆದವನು ಅವನು. ಭಾವನ ಅಕ್ಷರ ಕೋಳಿ ಕೆದರಿದ ಹಾಗಿತ್ತು. "ನಾನು ಬರೆದಿದ್ದು ನನಗೇ ಓದೋಕಾಗಲ್ಲ, ನೀನು ಬರಿ" ಎಂದು ಪೆನ್ನು ಕೊಟ್ಟಿದ್ದರು. ಅವನು ಬರೆದ. ಮನೆಗೆ ಹೋಗುವ ಆತುರದಲ್ಲಿ ಎರಡು ಚೀಟಿಗಳನ್ನು ಅದಲುಬದಲು ಅಂಟಿಸಿದ. ತಿಂಗಳಾದ ಮೇಲೆ ಅವನನ್ನೂ ಕರೆದುಕೊಂಡು ಡ್ರೈಯರ್ ರಿಪೇರಿಗೆ ಬಂದ ಭಾವ 'ಡ್ರೈಯರ್' ಎಂದಿದ್ದ ಸ್ವಿಚ್ಚು ಇಳಿಸಿದರು. ಒಳಗೆ ಇಸ್ತ್ರಿಪೆಟ್ಟಿಗೆ ತಣ್ಣಗಾಯಿತು. ಡ್ರೈಯರಿನಲ್ಲಿ ಕರೆಂಟು ಹಾಗೇ ಇತ್ತು, ಭಾವ ಅದರ ಹಿಂದೆ ಏಣಿ ಹತ್ತಿ ವೈರಿಗೆ ಕೈ ಹಾಕಿದರು.

ಮೇನ್ ಇಳಿಸಲು ಓಡಿಬಂದಾಗಲೇ ಅವನು ಅದನ್ನು ಕಂಡಿದ್ದ. 'ಡ್ರೈಯರ್' ಚೀಟಿಯ ಸ್ವಿಚ್ಚು ಕೆಳಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಅಕ್ಕ ಅವನ ಅಂಗಿ ಹಿಡಿದು "ಹೇಗಾಯ್ತೋ?" ಎಂದು ಅಲ್ಲಾಡಿಸಿದಳು. "ಭಾವ ಆಫ್ ಮಾಡೋದು ಮರೆತಿರಬೇಕು" ಎಂದುಬಿಟ್ಟ. ಹೇಡಿತನವೆಂದರೆ ಇನ್ನೇನು? ಆ ಮಾತಿಗೆ ಪ್ಯಾನೆಲ್ಲು ಸಾಕ್ಷಿ ಹೇಳಬೇಕಲ್ಲ. ಸಂಜೆ ಸಾಮಾನು ತರುವ ನೆಪದಲ್ಲಿ ಲಾಂಡ್ರಿಗೆ ಬಂದು, ಇಳಿದಿದ್ದ ಸ್ವಿಚ್ಚನ್ನು ಎತ್ತಿ, ಹಳೆಯ ಚೀಟಿಗಳು ಕಿತ್ತು ಬರದಿದ್ದರಿಂದ ಅವುಗಳ ಮೇಲೇ ಸರಿಯಾದವನ್ನು ಅಂಟಿಸಿದ. ಆರು ವರ್ಷದಿಂದ ಆ ಚೀಟಿಗಳು ನಿಜವನ್ನೇ ಹೇಳುತ್ತಿದ್ದವು. ಅಂಟಿಸಿದ್ದು ಮಾತ್ರ ಸುಳ್ಳು ಹೇಳುವುದಕ್ಕೆ.

ಅವನು 'ಇರಬೇಕು' ಎಂದಿದ್ದ. ಮಾರನೆಯ ದಿನಕ್ಕೆ ಮನೆಯವರು ಆ 'ಇರಬೇಕು'ವನ್ನು ಉದುರಿಸಿದ್ದರು. ಮರೆತರಂತೆ, ಎಂದರು. ತಿಂಗಳೊಳಗೆ ಭಾವನಿಗೆ 'ಮರೆಗುಳಿ' ಎಂಬ ಹೆಸರು ಬಿತ್ತು. ಕೊಡೆ ಕಾಣದಿದ್ದರೆ ಮರೆಗುಳಿಯನ್ನು ಕೇಳಿ, ಸಾರಿಗೆ ಉಪ್ಪಿಲ್ಲದಿದ್ದರೆ ಮರೆಗುಳಿ ಹಾಕಿದ್ದಿರಬೇಕು. ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಮೊದಲು ಭಾವನೇ ನಗುತ್ತಿದ್ದರು. ಏಣಿಯಿಂದ ಬಿದ್ದ ಏಟಿಗೆ ಆ ಅರ್ಧಗಂಟೆ ಬಹುಪಾಲು ಅವರ ತಲೆಯಿಂದ ಅಳಿಸಿಹೋಗಿತ್ತು, ಇಲ್ಲವೆನ್ನಲು ಅವರ ಬಳಿ ಏನಿತ್ತು? ಬಲಗೈಯ ಎರಡು ಬೆರಳು ಸತ್ತಿದ್ದವು ಅಷ್ಟೇ, ಕೆಲಸಕ್ಕೆ ಮರಳಬಹುದಿತ್ತು. ಮರಳಲಿಲ್ಲ. "ಕೈ ಹೋದ್ರೆ ಇನ್ನೊಂದಿದೆ, ತಲೆ ಒಂದೇ ಕಣೋ" ಎಂದು ದೀಪದ ಅಂಗಡಿಯೊಂದರ ಕೌಂಟರಿನಲ್ಲಿ ಬಲ್ಬು ಉರಿಸಿ ತೋರಿಸುತ್ತ ಕೂತರು.

ಅವನು ಐದು, ಆರನೇ ವೈರುಗಳಿಗೂ ಉಂಗುರ ತೊಡಿಸಿದ. ಉಂಗುರದ ಮೇಲಿನ ಬಾಣದ ಗುರುತು ಮಷೀನಿನ ಕಡೆಗಿದೆಯೇ ನೋಡಿದ. ಒಂದೊಂದನ್ನೂ ಬಿಗಿದ. ಕಬ್ಬಿಣದ ಬಾಗಿಲು ಮುಚ್ಚಿದರೆ ಡಬ್ಬಿಯ ಮಾತು ಹೊರಗೆ ಬರುವುದಿಲ್ಲವಾದ್ದರಿಂದ ಅದರ ಕಡ್ಡಿಯಂಥ ಆಂಟೆನಾವನ್ನು ಪಕ್ಕದ ತೂತಿನಿಂದ ಹೊರಗೆ ಬಿಟ್ಟ. ಕೊನೆಗೆ ನಾಲ್ಕನೇ ಚೀಟಿಗೆ ಉಗುರು ಹಾಕಿದ. ಒತ್ತಿ ಅಂಟಿಸಿದ್ದರೆ ಇನ್ನು ಹತ್ತು ವರ್ಷ ನಿಲ್ಲುತ್ತಿತ್ತು. ಎರಡೂ ಪದರ ಒಟ್ಟಿಗೇ ಕಿತ್ತು ಬಂದವು. ಅಂಗಿಯ ಜೇಬಿಗೆ ಹಾಕಿಕೊಂಡ. ಹೊಸ ಚೀಟಿ ಬರೆದು ಅಂಟಿಸಿ, ಮುಚ್ಚಳ ಹಾಕಿ, ಬೀಗ ತೆಗೆದು, ಮೇನ್ ಎತ್ತಿದ. ಇಸ್ತ್ರಿಯಮ್ಮ ಪೆಟ್ಟಿಗೆ ಹಾಕಿದಳು, ಫೋನಿನಲ್ಲಿ ನಾಲ್ಕನೇ ಗೆರೆ ಎದ್ದಿತು. ಡ್ರೈಯರ್ ಹಾಕಿದಾಗ ಐದನೆಯದು.

"ನೋಡೋಕೆ ಎಷ್ಟು ಚೆಂದ ಇದೆ!" ಎಂದರು ಯಜಮಾನಮ್ಮ. "ಇದು ಆವತ್ತೇ ಇದ್ದಿದ್ರೆ..."

ಉಳಿದಿದ್ದನ್ನು ಕೇಳಲು ಅವನು ನಿಲ್ಲಲಿಲ್ಲ.

ಅಕ್ಕನ ಮನೆಗೆ ಬಂದಾಗ ಅವಳು ಕೆಲಸಕ್ಕೆ ಹೋಗಿದ್ದಳು. ಭಾವ ಊಟ ಮುಗಿಸಿ ಅಂಗಡಿಗೆ ಹೊರಟಿದ್ದರು. ಬಾಗಿಲ ಒಳಬದಿಗೆ ಅಂಟಿಸಿದ್ದ ಪಟ್ಟಿಯ ಮುಂದೆ ನಿಂತು, ಬೆರಳಿಟ್ಟು ಓದುತ್ತಿದ್ದರು. "ಗ್ಯಾಸ್. ನಲ್ಲಿ. ಫ್ಯಾನು. ಬೀಗದ ಕೈ." ಆ ಪಟ್ಟಿಯೂ ಅವನ ಅಕ್ಷರವೇ. "ನಿನ್ನ ಅಕ್ಷರ ಚೆನ್ನಾಗಿದೆ, ಬರೆದುಕೊಡು" ಎಂದು ಕೇಳಿದ್ದರು. ಬರೆದುಕೊಟ್ಟಿದ್ದ, ಮಹಾನುಭಾವ. ಇಷ್ಟೆಲ್ಲ ಓದಿ ಬೀಗ ಹಾಕಿದ ಮೇಲೂ ಭಾವ ಗೇಟಿನವರೆಗೆ ಹೋಗಿ ತಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದರು. ಒಮ್ಮೆ ಅಲ್ಲ, ಎರಡು ಸಲ, ದಿನಾ.

"ಏನೋ, ಮುಖ ಯಾಕೆ ಹೀಗಿದೆ? ಶಾಕ್ ಗೀಕ್ ಹೊಡೀತಾ?" ಭಾವ ಗಾಬರಿಯಿಂದ ಅವನ ಕೈ ಹಿಡಿದು ತಿರುಗಿಸಿ ನೋಡಿದರು.

ಅದೊಂದು ತಡೆಯಲಾಗಲಿಲ್ಲ ಅವನಿಗೆ. ಜೇಬಿನಿಂದ ಚೀಟಿ ತೆಗೆದು ಆ ಕೈಗೇ ಕೊಟ್ಟ.

ಭಾವ ಮೇಲಿನ ಪದರ ಓದಿದರು. ತಿರುಗಿಸಿ, ಸುರುಳಿಯನ್ನು ಉಗುರಿನಿಂದ ಬಿಡಿಸಿ ಕೆಳಗಿನದನ್ನು ಓದಿದರು. ಮೂವತ್ತು ವರ್ಷ ಪ್ಯಾನೆಲ್ಲು ತೆರೆದವರಿಗೆ ಇನ್ನೇನು ವಿವರಿಸಬೇಕು? ಮೆಲ್ಲಗೆ ಹೊಸ್ತಿಲ ಮೇಲೆ ಕೂತರು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು.

"ಆವತ್ತು ಯಾವ ಸ್ವಿಚ್ಚು ಕೆಳಗಿತ್ತು?"

"ಇದೇ. ನೀವು ಇಳಿಸಿದ್ರಿ ಭಾವ. ಚೀಟಿ ಉಲ್ಟಾ ಇತ್ತು. ನಾನು ಆಮೇಲೆ..."

"ಅದು ಬಿಡು. ನಾನು ಇಳಿಸಿದ್ನಾ?"

"ಇಳಿಸಿದ್ರಿ. ಇಸ್ತ್ರಿಪೆಟ್ಟಿಗೆ ತಣ್ಣಗಾಯ್ತಂತೆ, ಯಜಮಾನಮ್ಮ ಈಗ ಹೇಳಿದ್ರು."

"ಇನ್ನೊಂದ್ಸಲ ಹೇಳು."

"ನೀವು ಆಫ್ ಮಾಡಿದ್ರಿ. ಮರೆತಿರ್ಲಿಲ್ಲ. ನಾನು ಹೆದರಿಬಿಟ್ಟೆ ಭಾವ. ಹೊಡೀರಿ ಬೇಕಾದ್ರೆ."

ಭಾವ ಹೊಡೆಯಲಿಲ್ಲ. ಸತ್ತ ಎರಡು ಬೆರಳುಗಳ ನಡುವೆ ಚೀಟಿ ನಿಲ್ಲದೆ ಜಾರುತ್ತಿತ್ತು, ಎಡಗೈಗೆ ತೆಗೆದುಕೊಂಡರು.

"ಪ್ಯಾನೆಲ್ಲಿನ ಮುಂದೆ ನಿಂತಿದ್ದು ಒಂದು ನೆನಪಿದೆ ನನಗೆ," ಎಂದರು ಕೊನೆಗೆ. "ಟೆಸ್ಟರ್ ಕೈಯಲ್ಲೇ ಇತ್ತು. ಚೀಟಿ ನೋಡ್ದೆ. ಇವನು ಬರೆದಿದ್ದಲ್ವಾ, ಇನ್ನೇನು ನೋಡೋದು ಅಂತ ಟೆಸ್ಟರ್ ಜೇಬಿಗೆ ಹಾಕ್ಕೊಂಡೆ. ಅದು ನನ್ನ ತಪ್ಪು. ಅದನ್ನ ನಿನ್ನ ತಲೆಗೆ ಕಟ್ಟಲ್ಲ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಆದ್ರೆ ಆರು ವರ್ಷ, ಮಗನೇ. ಆರು ವರ್ಷ ಒಲೆ ಆರಿಸಿ ಬಂದು ಹಾಸಿಗೇಲಿ ಕೂತು, ಆರಿಸಿದ್ನಾ, ಆರಿಸಿದ್ನಾ ಅಂತ... ನೀನು ಎದುರಿಗೇ ಕೂತು ನನ್ನ ಜೊತೆ ನಗ್ತಿದ್ದೆಯಲ್ಲೋ."

ಭಾವ ಎದ್ದರು. ಇನ್ನೊಂದು ಚಪ್ಪಲಿ ಮೆಟ್ಟಿದರು. ಬಾಗಿಲಿನ ಪಟ್ಟಿಯ ಕಡೆ ನೋಡಲಿಲ್ಲ.

"ಸಂಜೆ ನಿನ್ನಕ್ಕ ಬರ್ತಾಳೆ. ನೀನೇ ಹೇಳು. ಎಲ್ಲರೂ ಇದ್ದಾಗ ಹೇಳು." ಬಾಗಿಲು ಎಳೆದುಕೊಂಡು ಕೀಲಿ ತಿರುಗಿಸಿದರು. "ಆಫ್ ಮಾಡಿದ್ರು ಅಂತ ಹೇಳು. ಮಾಡಿರಬೇಕು ಅನ್ನಬೇಡ."

ಮೆಟ್ಟಿಲಿಳಿದು ಗೇಟಿನವರೆಗೆ ಹೋದರು. ಬೀಗ ನೋಡಲು ತಿರುಗಿ ಬರುತ್ತಾರೆಂದು ಅವನು ಅಭ್ಯಾಸದಂತೆ ಅವರಿಗೆ ದಾರಿ ಬಿಟ್ಟು ಬಾಗಿಲ ಪಕ್ಕಕ್ಕೆ ಸರಿದು ನಿಂತ. ಭಾವ ಚಿಲಕದ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು. ಆಮೇಲೆ ಗೇಟು ತೆರೆದು, ಹಿಂದೆ ಮುಚ್ಚಿಕೊಂಡು, ತಿರುಗಿ ನೋಡದೆ ಬೀದಿಯ ತಿರುವಿನಲ್ಲಿ ಮರೆಯಾದರು.

ಅವನೊಬ್ಬನೇ ಉಳಿದ. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿ ಬೀಗ ಎಳೆದು ನೋಡಿದ. ಸರಿಯಾಗಿ ಬಿದ್ದಿತ್ತು.